ಹಳೇ ಕಾರಿಗೆ ದಾರಿ, ಕರೆ, ಹಾಡು: 500 ರೂಪಾಯಿ ಸ್ಟ್ಯಾಂಡ್ ಸಾಕಾ, 30 ಸಾವಿರದ ಸ್ಟೀರಿಯೋ ಬೇಕಾ?

ಹೋದ ಶನಿವಾರ ಮಧ್ಯಾಹ್ನ ಭಾವ ಬೆಂಗಳೂರಿನ ಜೆ.ಸಿ. ರೋಡಿನ ಕಾರ್ ಸಾಮಾನಿನ ಅಂಗಡಿಯಿಂದ ಫೋನ್ ಮಾಡಿದರು. "ಅಂಗಡಿಯವನು 9 ಇಂಚಿನ ಆಂಡ್ರಾಯ್ಡ್ ಸೆಟ್ ತೋರಿಸ್ತಿದ್ದಾನೆ. ರಿವರ್ಸ್ ಕ್ಯಾಮೆರಾ ಫ್ರೀ ಅಂತೆ. ಎಲ್ಲಾ ಸೇರಿ 14 ಸಾವಿರ. ಹಾಕಿಸ್ಲಾ?" ಹಿಂದೆ ಯಾವುದೋ ಹಾಡಿನ ಬೇಸ್ ಧಬಧಬ ಅಂತ ಬಡಿಯುತ್ತಿತ್ತು. ನಾನು ಕೇಳಿದ್ದು ಇಷ್ಟೇ: "ಈಗ ಇರೋದ್ರಲ್ಲಿ ನಿಮಗೆ ಏನು ತೊಂದರೆ ಭಾವ?" ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು, "ಕಾರಲ್ಲಿದ್ದಾಗ ಫೋನ್ ಬಂದ್ರೆ ತೆಗೆಯೋಕಾಗಲ್ಲ. ಅದೊಂದೇ."

ಅದೊಂದಕ್ಕೆ 14 ಸಾವಿರ ಬೇಡ ಅಂತ ನನಗೆ ಗೊತ್ತಿತ್ತು, ಯಾಕಂದರೆ ಅಂಥದ್ದೇ ದುಡ್ಡನ್ನು ನಾನು ಆಗಲೇ ಕಳೆದುಕೊಂಡು ಕೂತಿದ್ದೇನೆ. ನನ್ನ 2013ರ ಹ್ಯಾಚ್‌ಬ್ಯಾಕ್‌ನಲ್ಲಿ ಮೊದಲು ಎಫ್ಎಂ ಟ್ರಾನ್ಸ್‌ಮಿಟರ್ ಇತ್ತು, ಆಮೇಲೆ ಅಗ್ಗದ ಆಂಡ್ರಾಯ್ಡ್ ಸ್ಟೀರಿಯೋ ಬಂತು, ಈಗ ಹೆಸರಿರುವ ಕಂಪನಿಯದ್ದೊಂದು ಇದೆ. ಹೆಂಡತಿಯ ಕಾರು ಹೊಸದು, ಪರದೆ ಜೊತೆಗೇ ಬಂದದ್ದು. ಅಂದರೆ ಮಾಡಬಹುದಾದ ತಪ್ಪುಗಳಲ್ಲಿ ಹೆಚ್ಚಿನವನ್ನು ನಾನೇ ಮಾಡಿ ಮುಗಿಸಿದ್ದೇನೆ. ಆಫೀಸಿನಲ್ಲೂ ವಾರಕ್ಕೊಬ್ಬರು ಇದನ್ನೇ ಕೇಳುತ್ತಾರೆ, ಅದಕ್ಕೇ ಒಮ್ಮೆ ಕೂತು ಬರೆದುಬಿಡುತ್ತಿದ್ದೇನೆ.

ಅಂಗಡಿಗೆ ಹೋಗುವ ಮೊದಲು

ಈ ಸಾಮಾನೆಲ್ಲ ಕಾರಿನಲ್ಲಿ ಮಾಡುವ ಕೆಲಸ ಮೂರೇ. ದಾರಿ ತೋರಿಸುವುದು, ಕರೆ ಮಾತಾಡಿಸುವುದು, ಹಾಡು ಹಾಕುವುದು. ದಾರಿಗೆ ಬೇಕಾದ್ದು ಕಣ್ಣಿನ ಮಟ್ಟಕ್ಕೆ ಹತ್ತಿರ ಒಂದು ಪರದೆ. ಕರೆಗೆ ಬೇಕಾದ್ದು ಬಾಯಿಗೆ ಹತ್ತಿರ ಒಂದು ಮೈಕ್. ಹಾಡಿಗೆ ಸ್ಪೀಕರ್, ಮತ್ತು ಫೋನಿನಿಂದ ಸ್ಪೀಕರ್‌ವರೆಗೆ ದನಿ ಕೆಡದೆ ಹೋಗುವ ಒಂದು ದಾರಿ. ಪರದೆ ದೊಡ್ಡದಾದ ಮಾತ್ರಕ್ಕೆ ಮೈಕ್ ಒಳ್ಳೆಯದಾಗುವುದಿಲ್ಲ. ಆದರೆ ಅಂಗಡಿಯಲ್ಲಿ ಮೂರನ್ನೂ ಒಂದೇ ಗಂಟು ಕಟ್ಟಿ, ಪರದೆಯ ಇಂಚು ತೋರಿಸಿ ಮಾರುತ್ತಾರೆ. ಹಾಗಾಗಿ ಈ ಮೂರರಲ್ಲಿ ನಿಮಗೆ ದಿನಾ ತಲೆನೋವು ಕೊಡುತ್ತಿರುವುದು ಯಾವುದು ಅಂತ ಮೊದಲು ಗೊತ್ತುಮಾಡಿಕೊಳ್ಳಿ.

ಎರಡನೆಯದು, ಎಲ್ಲಿ ಓಡಿಸುತ್ತೀರಿ. ಮನೆಯಿಂದ ಆಫೀಸಿಗೆ ಗೊತ್ತಿರುವ ದಾರಿಯಲ್ಲೇ ಹೋಗುವವರಿಗೆ ನಕ್ಷೆ ಬೇಕಾಗುವುದು ಟ್ರಾಫಿಕ್ ನೋಡುವುದಕ್ಕೆ ಮಾತ್ರ. ತಿಂಗಳಿಗೆರಡು ಸಲ ಘಟ್ಟ ಇಳಿಯುವವರ ಕಥೆಯೇ ಬೇರೆ. ಮೂರನೆಯದು, ಎಷ್ಟು ಜನ ಓಡಿಸುತ್ತೀರಿ, ಎಷ್ಟು ಫೋನು. ನಾಲ್ಕನೆಯದು, ಆ ಕಾರು ಇನ್ನೆಷ್ಟು ವರ್ಷ ನಿಮ್ಮ ಹತ್ತಿರ ಇರುತ್ತದೆ. ಮುಂದಿನ ವರ್ಷ ಮಾರುವ ಕಾರಿಗೆ 30 ಸಾವಿರದ ಸ್ಟೀರಿಯೋ ಹಾಕಿಸಿದರೆ, ಕೊಳ್ಳುವವನು ಅದಕ್ಕೆ ಎರಡು ಸಾವಿರ ಜಾಸ್ತಿ ಕೊಟ್ಟರೂ ದೊಡ್ಡದು. ದುಡ್ಡಿನ ಲೆಕ್ಕ ಇದೆಲ್ಲ ಆದ ಮೇಲೆ.

ಇನ್ನೊಂದು ಮಾತು. ನಕ್ಷೆ, ನಂಬರುಗಳು, ಹಾಡು ಎಲ್ಲ ಇರುವುದು ಫೋನಿನಲ್ಲೇ, ಅಲ್ವಾ? ಕಾರಿಗೆ ಇನ್ನೊಂದು ಕಂಪ್ಯೂಟರ್ ತಂದು ಕೂರಿಸುವ ಅಗತ್ಯ ಬಹಳ ಜನಕ್ಕೆ ಇಲ್ಲ. ಫೋನಿಗೊಂದು ಕಣ್ಣು, ಕಿವಿ, ಬಾಯಿ ಕೊಡುವ ಸಾಮಾನು ಸಾಕು. ಕೆಳಗಿನದ್ದೆಲ್ಲ ನಾನು ತೂಗಿರುವುದು ಈ ಲೆಕ್ಕದಲ್ಲೇ.

ಸ್ಟ್ಯಾಂಡ್, ಜೊತೆಗೊಂದು ಬ್ಲೂಟೂತ್ ಗುಂಡಿ

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಸ್ಟ್ಯಾಂಡಿಗೆ 300ರಿಂದ ಸಾವಿರ ರೂಪಾಯಿ. ಫೋನಿನ ಪರದೆ ಯಾವ ಅಗ್ಗದ ಸ್ಟೀರಿಯೋಗಿಂತಲೂ ಚೆನ್ನಾಗಿರುತ್ತದೆ, ನಕ್ಷೆ ತಡವರಿಸುವುದಿಲ್ಲ. ಬರೀ ದಾರಿಯೇ ಸಮಸ್ಯೆಯಾದರೆ ಇಲ್ಲಿಗೇ ನಿಲ್ಲಿಸಿ. ಫೋನನ್ನು ದಾರಿ ನೋಡಲು ಬಳಸಬಹುದು, ಆದರೆ ಓಡಿಸುವ ಗಮನ ಕೆಡಬಾರದು ಅಂತ 2020ರ ಅಕ್ಟೋಬರ್‌ನಿಂದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಕೈಯಲ್ಲಿ ಹಿಡಿದು ಮಾತಾಡಿದರೆ ಅದು ತಪ್ಪೇ.

ಸ್ಟ್ಯಾಂಡ್ ಎಲ್ಲಿಡಬೇಕು? ಮುಂಗಾಜಿಗೆ ಅಂಟಿಸಿದರೆ ಮಧ್ಯಾಹ್ನದ ಬಿಸಿಲಿಗೆ ಫೋನ್ ಕಾದು ಪರದೆ ಮಂಕಾಗುತ್ತದೆ, ಕೆಲವೊಮ್ಮೆ ಚಾರ್ಜ್ ಆಗುವುದೇ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಬಳ್ಳಾರಿ ಕಡೆ ಹೋದವರಿಗೆ ಇದು ಗೊತ್ತು. ಎ.ಸಿ. ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಸ್ಟ್ಯಾಂಡ್ ಆದರೆ ಫೋನ್ ತಣ್ಣಗಿರುತ್ತದೆ, ಆದರೆ ದಪ್ಪ ಫೋನಿನ ಭಾರಕ್ಕೆ ಕಿಂಡಿಯ ಪಟ್ಟಿ ಮುರಿದರೆ ರಿಪೇರಿಗೆ ಸ್ಟ್ಯಾಂಡಿಗಿಂತ ಜಾಸ್ತಿ ಹೋಗುತ್ತದೆ. ನನ್ನದು ಒಂದು ಮುರಿದಿದೆ. ಈಗಲೂ ಅದಕ್ಕೆ ಐಸ್‌ಕ್ರೀಂ ಕಡ್ಡಿ ಸಿಕ್ಕಿಸಿದ್ದೇನೆ.

ಹಾಡಿಗೆ ಎರಡು ಆಯ್ಕೆ. ನಿಮ್ಮ ಹಳೇ ಸ್ಟೀರಿಯೋದಲ್ಲಿ ಆಕ್ಸ್ ತೂತು (ವೈರ್ ಸಿಕ್ಕಿಸಿ ಹೊರಗಿನ ಹಾಡು ಕೇಳುವ ಜಾಗ) ಇದ್ದರೆ ದೇವರಿಗೆ ಕೈ ಮುಗಿಯಿರಿ. 500ರಿಂದ ಸಾವಿರದೊಳಗೆ ಬ್ಲೂಟೂತ್ ರಿಸೀವರ್ ಸಿಗುತ್ತದೆ, ಅದಕ್ಕೆ ಸಿಕ್ಕಿಸಿದರೆ ಆಯಿತು. ಒಂದು ಕಿರಿಕಿರಿ ಮಾತ್ರ ಬರಬಹುದು: ಚಾರ್ಜರ್ ಮತ್ತು ಆಕ್ಸ್ ಎರಡೂ ಒಟ್ಟಿಗೆ ಹಾಕಿದಾಗ ಸ್ಪೀಕರಿನಲ್ಲಿ "ಕುಂಯ್" ಅನ್ನುವ ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಅದೂ ಏರುತ್ತದೆ. ಸ್ಪೀಕರ್ ಹಾಳಾಗಿಲ್ಲ, ಬದಲಾಯಿಸಬೇಡಿ. ಅದು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಮಾಡುವ ಯಂತ್ರ) ಸದ್ದು, ಚಾರ್ಜರಿನ ಅರ್ತಿಂಗೂ ಸ್ಟೀರಿಯೋದ ಅರ್ತಿಂಗೂ ಸುತ್ತು ಹಾಕಿಕೊಂಡು ಒಳಗೆ ಬರುತ್ತದೆ. ಚಾರ್ಜರ್ ಕಿತ್ತ ತಕ್ಷಣ ಸದ್ದು ನಿಂತರೆ ಅದೇ ಅಂತ ಲೆಕ್ಕ. ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಚಿಕ್ಕ ಡಬ್ಬಿ ಎಸ್.ಪಿ. ರೋಡಿನಲ್ಲೂ ಆನ್‌ಲೈನ್‌ನಲ್ಲೂ ಇನ್ನೂರು ಮುನ್ನೂರಕ್ಕೆ ಸಿಗುತ್ತದೆ. ಆಕ್ಸ್ ವೈರಿನ ನಡುವೆ ಹಾಕಿದರೆ ಮುಗಿಯಿತು.

ಆಕ್ಸ್ ಇಲ್ಲದಿದ್ದರೆ ಎಫ್ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಸಾಕೆಟ್‌ಗೆ ಹಾಕುತ್ತೇವಲ್ಲ, ಅದು. ಇದು ಕಾರಿನೊಳಗೊಂದು ಪುಟ್ಟ ರೇಡಿಯೋ ಸ್ಟೇಷನ್ ಇದ್ದ ಹಾಗೆ, ಖಾಲಿ ಇರುವ ಫ್ರೀಕ್ವೆನ್ಸಿ ಬೇಕು. ಬೆಂಗಳೂರಿನಲ್ಲಿ ಖಾಲಿ ಎಲ್ಲಿದೆ? ದೇಶದ ಮೊದಲ ಖಾಸಗಿ ಎಫ್ಎಂ 2001ರಲ್ಲಿ ಇಲ್ಲೇ ಶುರುವಾದದ್ದು. ಈಗ 91.1, 92.7, 93.5, 98.3, ಆಕಾಶವಾಣಿಯ 101.3, 102.9 ಅಂತ ಸಾಲಾಗಿ ಕೂತಿವೆ. ಹುಡುಕಿ ಹುಡುಕಿ ನಾನು 100.5 ಇಟ್ಟುಕೊಂಡಿದ್ದೆ, ಊರೊಳಗೆ ಚೆನ್ನಾಗಿಯೇ ಇತ್ತು. ಮೈಸೂರಿಗೆ ಹೊರಟರೆ ಶ್ರೀರಂಗಪಟ್ಟಣದ ಹತ್ತಿರ ನನ್ನ ಹಾಡಿನ ಮೇಲೆ ಮೈಸೂರು ಆಕಾಶವಾಣಿ ಬಂದು ಕೂರುತ್ತಿತ್ತು, ಅವರದ್ದು 100.6. ಭಾವಗೀತೆಯ ನಡುವೆ ರಾಗಿ ಬೆಳೆಗೆ ಎಷ್ಟು ಗೊಬ್ಬರ ಹಾಕಬೇಕು ಅಂತ ಕೇಳಿಸಿಕೊಂಡು ಹೋಗಿದ್ದೇನೆ.

ಕರೆಗಂತೂ ಇದು ಬೇಡ. ಮೈಕ್ ಇರುವುದು ಗೇರ್ ಪಕ್ಕದ ಸಾಕೆಟ್‌ನಲ್ಲಿ, ನಿಮ್ಮ ಬಾಯಿ ಇರುವುದು ಮೇಲೆ, ನಡುವೆ ಎ.ಸಿ. ಗಾಳಿ. ಆ ಕಡೆಯವರು "ಹಲೋ ಹಲೋ" ಅನ್ನುತ್ತಲೇ ಇರುತ್ತಾರೆ.

ಯಾರೂ ಹೇಳದ ಆಯ್ಕೆ: ಪರದೆಯಿಲ್ಲದ ಬ್ಲೂಟೂತ್ ಸ್ಟೀರಿಯೋ

ಇದನ್ನು ಅಂಗಡಿಯವರು ತೋರಿಸುವುದೇ ಇಲ್ಲ, ಲಾಭ ಕಮ್ಮಿ ಅನ್ನಿಸುತ್ತದೆ. 3 ಸಾವಿರದಿಂದ 6 ಸಾವಿರಕ್ಕೆ ಸೋನಿ, ಪಯೋನಿಯರ್ ತರದವರ ಚಿಕ್ಕ ಸ್ಟೀರಿಯೋ. ಸಿಂಗಲ್ ಡಿನ್ ಅನ್ನುತ್ತಾರೆ, 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಇದರ ಎರಡು ಪಟ್ಟು ಎತ್ತರದ್ದು ಡಬಲ್ ಡಿನ್. ಡಬಲ್ ಡಿನ್ ಜಾಗದಲ್ಲಿ ಸಿಂಗಲ್ ಕೂರಿಸಿದರೆ ಕೆಳಗೆ ಚಿಲ್ಲರೆ ಇಡುವುದಕ್ಕೊಂದು ಗೂಡು ಸಿಗುತ್ತದೆ, ಟೋಲ್ ರಸೀದಿಗೆ ಬಹಳ ಅನುಕೂಲ.

ಕೊಳ್ಳುವಾಗ ನೋಡಬೇಕಾದ್ದು ಒಂದೇ, ಮೈಕ್ ಎಲ್ಲಿದೆ. ಕೆಲವದರಲ್ಲಿ ಮೈಕ್ ಸ್ಟೀರಿಯೋ ಮುಖದಲ್ಲೇ ಇರುತ್ತದೆ. ವೈರಿನ ಜೊತೆ ಬೇರೆ ಮೈಕ್ ಕೊಡುವ ಮಾಡೆಲ್ ತೆಗೆದುಕೊಂಡು, ಅದನ್ನು ಸ್ಟೀರಿಂಗ್ ಹಿಂದೆ ಅಥವಾ ಬಲಗಡೆ ಕಂಬದ ಮೇಲೆ ಕೂರಿಸಲು ಹೇಳಿ. ಇದು, ಒಂದು ಸ್ಟ್ಯಾಂಡ್, ಒಳ್ಳೆ ಚಾರ್ಜರ್. ಹತ್ತು ವರ್ಷದ ಕಾರು, ದಿನಾ ಓಡಾಟ, ಬಜೆಟ್ 7 ಸಾವಿರ ಅಂದರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ನೋಡುವುದಕ್ಕೆ ಡ್ಯಾಶ್‌ಬೋರ್ಡ್ ಬೆಳಗುವುದಿಲ್ಲ, ನಿಜ. ರಿವರ್ಸ್ ಕ್ಯಾಮೆರಾ ಬರುವುದಿಲ್ಲ, ಅದೂ ನಿಜ.

14 ಸಾವಿರದ ಆಂಡ್ರಾಯ್ಡ್ ಸೆಟ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದರೆ ಎಲ್ಲರೂ ಬೀಳುವುದು ಇಲ್ಲೇ. ಇದು ಸ್ಟೀರಿಯೋ ಜಾಗದಲ್ಲಿ ಕೂರುವ ಟ್ಯಾಬ್ಲೆಟ್. 8 ಸಾವಿರದಿಂದ 25 ಸಾವಿರದವರೆಗೂ ಇದೆ. ಅಂಗಡಿಯಲ್ಲಿ ನೋಡಿದರೆ ಮನಸ್ಸು ಸೋಲುತ್ತದೆ. ಯೂಟ್ಯೂಬ್ ಓಡುತ್ತದೆ, ಕ್ಯಾಮೆರಾ ಬರುತ್ತದೆ, ಬಣ್ಣಬಣ್ಣದ ಲೈಟು.

ಇದರಲ್ಲಿ ಎರಡು ತರ ಬಳಕೆ ಇದೆ, ಅದನ್ನು ಬೇರೆ ಮಾಡಿ ನೋಡಿ. ಒಂದು, ಸೆಟ್ಟಿನೊಳಗಿನ ಗೂಗಲ್ ಮ್ಯಾಪ್ಸನ್ನೇ ಬಳಸುವುದು. ಅದಕ್ಕೆ ಇಂಟರ್ನೆಟ್ ಬೇಕು, ಅಂದರೆ ದಿನಾ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಬೇಕು. ಇನ್ನೊಂದು, ಜೆಡ್‌ಲಿಂಕ್ ತರದ ಆ್ಯಪ್ ಮೂಲಕ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಓಡಿಸುವುದು. ಫೋನಿನ ನಕ್ಷೆ, ಕರೆ, ಹಾಡನ್ನು ಕಾರಿನ ಪರದೆಗೆ ತರುವ ವ್ಯವಸ್ಥೆ ಇವು, ಮೊದಲನೆಯದು ಆಂಡ್ರಾಯ್ಡ್ ಫೋನಿಗೆ, ಇನ್ನೊಂದು ಐಫೋನಿಗೆ. ಎರಡನೆಯದು ಮಾಡುವುದಾದರೆ ಒಳಗಿನ ಆಂಡ್ರಾಯ್ಡ್‌ಗೆ ದುಡ್ಡು ಕೊಟ್ಟದ್ದು ಯಾಕೆ?

ನಾನು ಕೊಂಡದ್ದು 2 ಜಿಬಿ ರ‍್ಯಾಮ್‌ನದ್ದು. ಮೊದಲ ತಿಂಗಳು ಚೆನ್ನಾಗಿತ್ತು. ಆರನೇ ತಿಂಗಳಿಗೆ ಕೀ ತಿರುಗಿಸಿ, ನಕ್ಷೆ ಬರುವಷ್ಟರಲ್ಲಿ ನಮ್ಮ ಬೀದಿ ದಾಟಿ ಮುಖ್ಯ ರಸ್ತೆ ಸೇರಿರುತ್ತಿದ್ದೆ. ಲಾಲ್‌ಬಾಗ್ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದರೆ ನಕ್ಷೆಯಲ್ಲಿ ನಾನು ಕೆರೆಯೊಳಗೆ ಈಜುತ್ತಿದ್ದೆ. ಸೆಟ್ಟೇ ಸರಿಯಿಲ್ಲ ಅಂದುಕೊಂಡು ಮೂರು ಸಲ ಸಾಫ್ಟ್‌ವೇರ್ ಹಾಕಿಸಿದೆ. ಕೊನೆಗೆ ನಮ್ಮ ಏರಿಯಾದ ಕಾರ್ ಎಲೆಕ್ಟ್ರಿಷಿಯನ್ ಒಬ್ಬರು ಡ್ಯಾಶ್ ಬಿಚ್ಚಿ ತೋರಿಸಿದರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಜಿಪಿಎಸ್ ಆಂಟೆನಾ, ಕೆಳಗೆ ಅಯಸ್ಕಾಂತ, ಅದನ್ನು ಒಳಗಿನ ಕಬ್ಬಿಣದ ಅಡ್ಡಪಟ್ಟಿಯ ಅಡಿಗೆ ತಲೆಕೆಳಗಾಗಿ ಅಂಟಿಸಿಬಿಟ್ಟಿದ್ದರು. ಆಕಾಶ ನೋಡಬೇಕಾದ್ದು ಮ್ಯಾಟ್ ನೋಡುತ್ತಿತ್ತು. ಮೇಲಕ್ಕೆ, ಪ್ಲಾಸ್ಟಿಕ್ ಅಡಿಗೆ ತಂದು ಕೂರಿಸಿದ ಮೇಲೆ ಕೆರೆಯಿಂದ ಹೊರಗೆ ಬಂದೆ. ಚಾರ್ಜ್ 200 ರೂಪಾಯಿ.

ಅವರು ಹೇಳಿಕೊಟ್ಟ ಇನ್ನೊಂದು ವಿಷಯ ಎಲ್ಲರಿಗೂ ಬೇಕಾದ್ದು. ಹೊರಗಿನ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಹಳದಿ ವೈರಿಗೆ ಯಾವಾಗಲೂ ಬ್ಯಾಟರಿ ಕರೆಂಟ್ ಇರಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಗಾಡಿ ಆಫ್ ಮಾಡಿದಾಗಲೆಲ್ಲ ಟೈಮು, ಸೆಟ್ಟಿಂಗು ಎಲ್ಲ ಅಳಿಸಿಹೋಗುತ್ತಿದ್ದರೆ ಹಳದಿಗೆ ನೇರ ಕರೆಂಟ್ ಸಿಕ್ಕಿಲ್ಲ. ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಕೂತುಬಿಡುತ್ತಿದ್ದರೆ, ಎರಡನ್ನೂ ನೇರಕ್ಕೆ ಕೊಟ್ಟಿರಬಹುದು, ಸೆಟ್ಟು ಮಲಗುವುದೇ ಇಲ್ಲ. ಬ್ಯಾಟರಿ ಬದಲಾಯಿಸುವ ಮೊದಲು ಇದನ್ನು ನೋಡಿಸಿ.

ಇಷ್ಟೆಲ್ಲ ಕೇಳಿಯೂ ಇದೇ ಬೇಕು ಅಂದರೆ, ಯಾರಿಗೆ ಸರಿ? ಹಿಂದೆ ಕೂತ ಮಕ್ಕಳಿಗೆ, ಗಾಡಿ ನಿಲ್ಲಿಸಿ ಕಾಯುವಾಗ ವಿಡಿಯೋ ಬೇಕೇ ಬೇಕು ಅನ್ನುವವರಿಗೆ ಸರಿ. ಆಗ 4 ಜಿಬಿ ರ‍್ಯಾಮ್‌ಗಿಂತ ಕಮ್ಮಿ ತೆಗೆದುಕೊಳ್ಳಬೇಡಿ. ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ 13 ಅಂತ ಬರೆದಿದ್ದರೆ ನಂಬಬೇಡಿ, ಆ ಹೆಸರನ್ನು ಸುಮ್ನೆ ಬರೆದಿರುತ್ತಾರೆ. ಸಿಪಿಯು-ಜೆಡ್ ತರದ ಆ್ಯಪ್ ಅಂಗಡಿಯಲ್ಲೇ ಹಾಕಿ ಎಪಿಐ ನಂಬರ್ ನೋಡಿ. ನಿಜವಾದ 13 ಆದರೆ 33 ಅಂತ ಇರುತ್ತದೆ, 29 ಅಂತ ಬಂದರೆ ಅದು ಆಂಡ್ರಾಯ್ಡ್ 10. ಮತ್ತೆ, ಗಾಡಿಯ ವೈರ್ ಕತ್ತರಿಸಿ ಸೇರಿಸಲು ಬಿಡಬೇಡಿ. ವೈರ್ ಕತ್ತರಿಸದೆ ಸಿಕ್ಕಿಸುವ, ನಿಮ್ಮ ಮಾಡೆಲ್‌ನ ಕಪ್ಲರ್ ಸಿಗುತ್ತದೆ, 300-500 ರೂಪಾಯಿ, ಅದನ್ನೇ ಹಾಕಿಸಿ. ವಾರಂಟಿ ಇರುವ ಗಾಡಿಯಾದರೆ ಕತ್ತರಿಸಿದ ವೈರ್ ನೋಡಿ ಸರ್ವಿಸ್‌ನವರು ತಕರಾರು ತೆಗೆಯುತ್ತಾರೆ.

ಹೆಸರಿರುವ ಕಂಪನಿಯ ಸೆಟ್ಟು, ಬರೀ ಆಂಡ್ರಾಯ್ಡ್ ಆಟೋ ಮತ್ತು ಕಾರ್‌ಪ್ಲೇ

ಸುಮಾರು 20 ಸಾವಿರದಿಂದ 40 ಸಾವಿರ. ಪರದೆ ಚಿಕ್ಕದು, ಹೆಚ್ಚಿನವು 7 ಇಂಚು. ಯೂಟ್ಯೂಬ್ ಇಲ್ಲ. ಪಕ್ಕದ ಆಂಡ್ರಾಯ್ಡ್ ಸೆಟ್ಟಿನ ಮುಂದೆ ಬಡವನ ಹಾಗೆ ಕಾಣುತ್ತದೆ. ಆದರೆ ಕೀ ತಿರುಗಿಸಿದ ಕೆಲವು ಸೆಕೆಂಡಿಗೆ ರೆಡಿ ಇರುತ್ತದೆ, ದನಿ ಸ್ವಚ್ಛ, ಬೇರೆ ಮೈಕ್ ಬರುತ್ತದೆ, ನಾಲ್ಕು ವರ್ಷವಾದರೂ ನಿಧಾನವಾಗುವುದಿಲ್ಲ, ಯಾಕಂದರೆ ಯೋಚನೆ ಮಾಡುವುದೆಲ್ಲ ಫೋನು. ಫೋನ್ ಬದಲಾಯಿಸಿದರೆ ಸೆಟ್ಟೂ ಹೊಸದಾದ ಹಾಗೆ. ನಾನು ಈಗ ಬಳಸುತ್ತಿರುವುದು ಇದನ್ನೇ, ಕೇಬಲ್ ಹಾಕುವಂಥದ್ದು. ಕಾರನ್ನು ಇನ್ನೂ ಐದು ವರ್ಷ ಇಟ್ಟುಕೊಳ್ಳುತ್ತೇನೆ, ಘಟ್ಟದ ಕಡೆ ಓಡಾಟ ಇದೆ, ಮೂರೂ ಕೆಲಸ ಚೆನ್ನಾಗಿ ಆಗಬೇಕು ಅನ್ನುವವರು ಇದಕ್ಕೇ ದುಡ್ಡು ಹಾಕಬೇಕು.

ಬಾಕ್ಸ್ ಮೇಲೆ ಮಿರರ್‌ಲಿಂಕ್ ಅಂತ ಇದ್ದರೆ ಅದು ಆಂಡ್ರಾಯ್ಡ್ ಆಟೋ ಅಲ್ಲ, ಅದರ ಕಾಲ ಮುಗಿದಿದೆ. ಅಂಗಡಿಯವರು ಎರಡೂ ಒಂದೇ ಅನ್ನುತ್ತಾರೆ. ಒಂದೇ ಅಲ್ಲ. ಪರದೆಯನ್ನು ಮುಟ್ಟಿ ನೋಡಿ, ಬೆರಳಲ್ಲಿ ಒತ್ತಿ ಒತ್ತಿ ಹೇಳಬೇಕಾದ ಹಳೇ ತರದ್ದಾದರೆ ಬೇಡ.

ಡ್ಯಾಶ್‌ಬೋರ್ಡ್ ಮೇಲೆ ಇಡುವ ಬಿಡಿ ಕಾರ್‌ಪ್ಲೇ ಪರದೆಗಳೂ ಬಂದಿವೆ, 6 ಸಾವಿರದಿಂದ 12 ಸಾವಿರ. ವೈರಿಂಗ್ ಮುಟ್ಟಬೇಕಾಗಿಲ್ಲ, ಕಾರು ಮಾರುವಾಗ ಎತ್ತಿಕೊಂಡು ಹೋಗಬಹುದು. ಆದರೆ ದನಿ ಮತ್ತೆ ಆಕ್ಸ್ ಇಲ್ಲವೇ ಎಫ್ಎಂ ಮೂಲಕವೇ ಹೋಗಬೇಕು. ರಾಗಿ ಗೊಬ್ಬರದ ಕಥೆ ನೆನಪಿದೆಯಲ್ಲ.

ಪರದೆ ಆಗಲೇ ಇದ್ದರೆ

ಹೊಸ ಕಾರಿನವರ ಪ್ರಶ್ನೆ ಬೇರೆ: ಕೇಬಲ್ ಸಾಕಾ, ವೈರ್‌ಲೆಸ್ ಡಾಂಗಲ್ ತರಲಾ? ಡಾಂಗಲ್ ಅಂದರೆ ಕೇಬಲ್ ಬದಲು ಕಾರಿನ ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ಡಬ್ಬಿ, 2,500ರಿಂದ 6 ಸಾವಿರ. ನಿಮ್ಮ ಕಾರಿನಲ್ಲಿ ಕೇಬಲ್ ಮೂಲಕ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಮೊದಲೇ ಬರುತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಇಲ್ಲದ ಕಾರಿಗೆ ತಂದು ವಾಪಸ್ ಕೊಟ್ಟವರು ನನಗೇ ಇಬ್ಬರು ಗೊತ್ತು. ಆಂಡ್ರಾಯ್ಡ್ ಫೋನ್ ಆದರೆ ಬಹುತೇಕ 11 ಅಥವಾ ಅದಕ್ಕಿಂತ ಹೊಸದಿರಬೇಕು. ಮೊದಲು ಬ್ಲೂಟೂತ್‌ನಲ್ಲಿ ಪರಿಚಯ ಮಾಡಿಕೊಂಡು ಆಮೇಲೆ ವೈಫೈಗೆ ಹೋಗುತ್ತದೆ, ಅದಕ್ಕೇ ಹತ್ತಾರು ಸೆಕೆಂಡ್ ಕಾಯಬೇಕು. ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ದೂರದ ಪ್ರಯಾಣಕ್ಕೆ ಹೇಗೂ ಚಾರ್ಜಿಂಗ್ ವೈರ್ ಹಾಕಲೇಬೇಕು.

ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವವರಿಗೆ ಇದು ವರ. ಎರಡು ಫೋನಿನ ಮನೆಗೆ ಅಲ್ಲ. ನನ್ನ ಹೆಂಡತಿ ಗೇಟಿನ ಹತ್ತಿರ ಕಾರು ಶುರು ಮಾಡಿದರೆ, ಒಳಗೆ ತಿಂಡಿ ತಿನ್ನುತ್ತಿರುವ ನನ್ನ ಫೋನು ಅವಳ ಕಾರಿಗೆ ಅಂಟಿಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ನನ್ನ ಮ್ಯಾನೇಜರ್ ಕರೆ ಅವಳ ಸ್ಪೀಕರಿನಲ್ಲಿ ಬಂತು. ಅವಳು ಬಹಳ ಮರ್ಯಾದೆಯಿಂದ "ಅವರು ಇನ್ನೂ ಮನೇಲೇ ಇದ್ದಾರೆ ಸರ್" ಅಂದಳು. ನಾನು ಟ್ರಾಫಿಕ್‌ನಲ್ಲಿದ್ದೇನೆ ಅಂತ ಆಗಷ್ಟೇ ಮೆಸೇಜ್ ಹಾಕಿದ್ದೆ. ಈಗ ಅಲ್ಲೂ ಕೇಬಲ್.

ಕಾರಿನೊಳಗೇ ಬರುವ ನಕ್ಷೆಯನ್ನು, ಅದರಲ್ಲೂ ಮೆಮೊರಿ ಕಾರ್ಡಿನ ಹಳೇ ನಕ್ಷೆಯನ್ನು, ಮರೆತುಬಿಡಿ. ಹೊಸ ರಸ್ತೆ ಅದಕ್ಕೆ ಗೊತ್ತಿಲ್ಲ, ಅಷ್ಟೇ.

ಯಾವ ನಕ್ಷೆ?

ಫೋನಿಗೆ ಜಿಪಿಎಸ್ ಸಿಗಲು ಇಂಟರ್ನೆಟ್ ಬೇಕಾಗಿಲ್ಲ, ನಕ್ಷೆಯ ಚಿತ್ರ ಇಳಿಸಲು ಮಾತ್ರ ಬೇಕು. ಶಿರಾಡಿ, ಚಾರ್ಮಾಡಿ, ಆಗುಂಬೆ ಕಡೆ ಹೋಗುವ ಮುಂಚೆ ಮನೆಯ ವೈಫೈನಲ್ಲೇ ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ನೆಟ್‌ವರ್ಕ್ ಹೋದರೂ ಬಾಣ ಓಡುತ್ತಲೇ ಇರುತ್ತದೆ. ಟ್ರಾಫಿಕ್ ಮಾತ್ರ ಕಾಣಿಸುವುದಿಲ್ಲ. ಇಳಿಸಿದ ನಕ್ಷೆಗೂ ಅವಧಿ ಇರುತ್ತದೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ಗೂಗಲ್‌ನ ಬಲ ಟ್ರಾಫಿಕ್. ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್‌ನ ಬಲ ಜಂಕ್ಷನ್ನಿನ ಚಿತ್ರ ಮತ್ತು ಹಂಪು, ಗುಂಡಿಯ ಎಚ್ಚರಿಕೆ. ಹೆಬ್ಬಾಳದಂಥ ಕಡೆ, ಮೇಲೆ ಹತ್ತಬೇಕಾ ಕೆಳಗೆ ಹೋಗಬೇಕಾ ಅಂತ ಚಿತ್ರದಲ್ಲೇ ಕಂಡರೆ ಎಷ್ಟೋ ಸಮಾಧಾನ. ಗೂಗಲ್‌ನವರೂ 2024ರಲ್ಲಿ ನಮ್ಮ ನಗರಗಳಿಗೆ ಮೇಲ್ಸೇತುವೆಯ ಸೂಚನೆ ತಂದಿದ್ದಾರೆ. ಕನ್ನಡದಲ್ಲಿ ದಾರಿ ಹೇಳಿಸಿಕೊಳ್ಳಬಹುದು, ನಮ್ಮ ಅಪ್ಪ ಅದನ್ನೇ ಇಟ್ಟುಕೊಂಡಿದ್ದಾರೆ, ಆ ಹೆಣ್ಣುದನಿ ಹೇಳಿದ್ದಕ್ಕೆಲ್ಲ "ಆಯ್ತಮ್ಮ" ಅನ್ನುತ್ತಾರೆ.

ಯಾವುದೇ ಆದರೂ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಸ್ವಲ್ಪ ಹುಷಾರು. ಸರ್ವಿಸ್ ರೋಡು ಮುಖ್ಯ ರಸ್ತೆಯ ಮಗ್ಗುಲಲ್ಲೇ ಇರುವುದರಿಂದ ಫೋನಿಗೆ ನೀವು ಯಾವುದರಲ್ಲಿದ್ದೀರಿ ಅಂತ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಬಿಡದಿ ಹತ್ತಿರ "ಎಡಕ್ಕೆ ತಿರುಗಿ" ಅನ್ನುತ್ತದೆ, ತಿರುಗಲು ಅಲ್ಲಿ ಬೇಲಿ ಬಿಟ್ಟರೆ ಏನಿಲ್ಲ. ಬೋರ್ಡ್ ನೋಡಿ ಹೋಗಿ. ಬಂಡೀಪುರದ ಮೂಲಕ ಹೋಗುವ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದ ಹೀಗೇ. ಅದನ್ನು ಪರದೆಗೆ ಬಿಡದೆ ನೀವೇ ನೆನಪಿಟ್ಟುಕೊಳ್ಳಿ.

ದುಡ್ಡು ಬಿಚ್ಚುವ ಮೊದಲು ಹತ್ತು ನಿಮಿಷ

"ಸೆಟ್ಟು ಕೆಟ್ಟಿದೆ" ಅಂತ ನನ್ನ ಹತ್ತಿರ ಬಂದವರಲ್ಲಿ ಅರ್ಧಕ್ಕರ್ಧ ಜನರದ್ದು ಕೆಟ್ಟಿರಲಿಲ್ಲ.

ಕರೆ ಬರುತ್ತದೆ, ಹಾಡು ಬರುವುದಿಲ್ಲ. ಅಥವಾ ಹಾಡು ಬರುತ್ತದೆ, ಕರೆ ಬರುವುದಿಲ್ಲ. ಬ್ಲೂಟೂತ್‌ಗೆ ಇವೆರಡೂ ಬೇರೆ ಬೇರೆ ಕೆಲಸ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರಿನ ಪಕ್ಕದ ಹಲ್ಲುಚಕ್ರ ಒತ್ತಿದರೆ ಕರೆಗೆ, ಹಾಡಿಗೆ, ಕಾಂಟ್ಯಾಕ್ಟ್‌ಗೆ ಬೇರೆ ಬೇರೆ ಸ್ವಿಚ್ ಇರುತ್ತವೆ. ಒಂದು ಆಫ್ ಆಗಿರುತ್ತದೆ, ನೋಡಿ.

ಆಂಡ್ರಾಯ್ಡ್ ಆಟೋ ಬಂದು ಬಂದು ಹೋಗುತ್ತಿದ್ದರೆ ಮೊದಲು ಕೇಬಲ್ ಮೇಲೆ ಅನುಮಾನ ಪಡಿ. ಪೆಟ್ರೋಲ್ ಬಂಕ್‌ನಲ್ಲಿ ಕೊಂಡ 99 ರೂಪಾಯಿಯದ್ದರಲ್ಲಿ ಬಹಳ ಸಲ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇರುವುದಿಲ್ಲ. ಒಂದು ಮೀಟರ್‌ಗಿಂತ ಉದ್ದದ್ದು ಬೇಡ. ಆಮೇಲೆ ಫೋನಿನ ತೂತು. ಟಾರ್ಚ್ ಬಿಟ್ಟು ನೋಡಿದರೆ ಪ್ಯಾಂಟ್ ಜೇಬಿನ ನೂಲು ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಲ್ಲಿ ನಿಧಾನಕ್ಕೆ ತೆಗೆಯಿರಿ, ಪಿನ್ ಹಾಕಬೇಡಿ. ಕಾರಿನಲ್ಲಿ ಎರಡು ಮೂರು ಯುಎಸ್‌ಬಿ ಇದ್ದರೆ ಡೇಟಾ ಬರುವುದು ಬಹಳ ಸಲ ಒಂದರಲ್ಲಿ ಮಾತ್ರ.

ವೈರ್‌ಲೆಸ್ ಕೈ ಕೊಟ್ಟರೆ ಫೋನಿನಲ್ಲಿ ವಿಪಿಎನ್ ಇದೆಯಾ, ಬ್ಯಾಟರಿ ಸೇವರ್ ಆನ್ ಇದೆಯಾ ನೋಡಿ. ಕೆಲವು ಫೋನುಗಳು ಬ್ಯಾಟರಿ ಉಳಿಸುತ್ತೇನೆ ಅಂತ ಆಂಡ್ರಾಯ್ಡ್ ಆಟೋವನ್ನೇ ಕೊಂದುಬಿಡುತ್ತವೆ. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ನಿರ್ಬಂಧ ತೆಗೆಯಿರಿ. ಏನೂ ಆಗದಿದ್ದರೆ ಕಾರಿನಿಂದಲೂ ಫೋನನ್ನು ಅಳಿಸಿ, ಫೋನಿನಿಂದಲೂ ಕಾರನ್ನು ಅಳಿಸಿ, ಹೊಸದಾಗಿ ಸೇರಿಸಿ. ಒಂದೇ ಕಡೆ ಅಳಿಸಿದರೆ ಸಾಲದು.

ಭಾವನ ಕಥೆಗೆ ಬರುತ್ತೇನೆ. ಅವರದ್ದು ಸೆಕೆಂಡ್ ಹ್ಯಾಂಡ್ ಕಾರು, 2015ರದ್ದು, ಕೊಂಡು ಎರಡು ವರ್ಷವಾಯಿತು. ಅದರ ಸ್ಟೀರಿಯೋದಲ್ಲಿ ಬ್ಲೂಟೂತ್ ಇದೆ ಅಂತ ಅವರಿಗೂ ಗೊತ್ತು, "ಕನೆಕ್ಟೇ ಆಗಲ್ಲ, ಹಾಳಾಗಿದೆ" ಅಂತ ಬಿಟ್ಟಿದ್ದರು. ಏನೂ ಕೊಳ್ಳಬೇಡಿ, ಸೀದಾ ಮನೆಗೆ ಬನ್ನಿ ಅಂದೆ. ಬಂದರು. ಕೂತು ಮೆನು ಒತ್ತುತ್ತಾ ಹೋದರೆ ಕೊನೆಯಲ್ಲಿ ಫೋನುಗಳ ಪಟ್ಟಿ ಸಿಕ್ಕಿತು. ಐದಕ್ಕೆ ಐದೂ ತುಂಬಿತ್ತು. ಎಲ್ಲ ಹಿಂದಿನ ಮಾಲೀಕರ ಮನೆಯವರದ್ದು. ಆರನೆಯದಕ್ಕೆ ಜಾಗವಿಲ್ಲದೆ ಅದು ಸುಮ್ಮನೆ ಬೇಡ ಅನ್ನುತ್ತಿತ್ತು. ಅಷ್ಟೇ ಅಲ್ಲ, ಅವರ ಫೋನ್ ಬುಕ್ಕೂ ಒಳಗೇ ಇತ್ತು. ಅಮ್ಮ, ಅಮ್ಮ ಊರು, ಗ್ಯಾಸ್, ಹಾಲು, ಹಾಲು ಹೊಸಬ. ಕಾರು ಮಾರುವಾಗ ಇದನ್ನು ಅಳಿಸಿ ಕೊಡಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ನಾವು ಐದನ್ನೂ ಅಳಿಸಿ ಭಾವನ ಫೋನ್ ಸೇರಿಸಿದೆವು. ಅಕ್ಕ ಅಡುಗೆಮನೆಯಿಂದ ಫೋನ್ ಮಾಡಿದಳು, ಕಾರಿನ ನಾಲ್ಕೂ ಸ್ಪೀಕರಿನಲ್ಲಿ ಒಗ್ಗರಣೆ ಚಟಪಟ ಕೇಳಿಸಿತು.

ಭಾವನಿಗೆ ಖುಷಿಯಾಯಿತು. ಎರಡು ನಿಮಿಷ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿದ್ದು, ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಹಂಗಾದ್ರೆ ರಿವರ್ಸ್ ಕ್ಯಾಮೆರಾ ಬೇಡ್ವಾ?"